ಬೆಟ್ಟದ ಊರಿನಲ್ಲಿ ದಾಸೋಹ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ೧೪ ಕಿಲೋಮೀಟರು. ಗೌರಿಕುಂಡದಿಂದ ಕೇದಾರಕ್ಕೆ ಹಿಂದೆ ಇದ್ದ ಕಾಲುದಾರಿಯೂ ಹೆಚ್ಚುಕಡಿಮೆ ಅಷ್ಟೇ; ೨೦೧೩ರ ಜೂನ್ ತಿಂಗಳ ಪ್ರಳಯದಲ್ಲಿ ಹಳೆಯ ದಾರಿ ಕೊಚ್ಚಿಹೋದ ಮೇಲೆ ಹೊಸದು ಇನ್ನಷ್ಟು ಉದ್ದವಾಯಿತು. ಆದರೆ ನಮ್ಮದು ಬಯಲುಸೀಮೆಯ ಹಾದಿ. ಅಲ್ಲಿಯದು ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರು. ಕೇದಾರದ ರಾವಲರು ಕರ್ನಾಟಕ ಮೂಲದ ವೀರಶೈವರಾದುದರಿಂದ ನಮ್ಮ ಕಡೆಯ ಗೃಹಸ್ಥರು ಮಕ್ಕಳುಮರಿಗಳೊಡನೆ ಅಲ್ಲಿಗೆ ಹೋಗುವುದು ಹೊಸತಲ್ಲ. ದರ್ಶನ ಮುಗಿದ ಮೇಲೆ ಅಲ್ಲಿಯ ಹಳ್ಳಿಯೊಂದರಲ್ಲಿ ನಾಲ್ಕು ದಿನ ನಿಂತು ಸೇವೆ ಮಾಡಿ ಬರಬೇಕೆಂಬ ಬಯಕೆ ಮಾತ್ರ ಈಚಿನದು. ಬಯಕೆ ಒಳ್ಳೆಯದೇ. ಆದರೆ ಅದು ದಾಸೋಹವೋ, ದಾನಿಯ ಬಿಂಕವೋ ಎಂಬುದನ್ನು ಮನೆ ಬಿಡುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ನಾವು ವಿಚಾರಿಸಿಕೊಂಡಿರಲಿಲ್ಲ. ಗುಪ್ತಕಾಶಿಯ ಮೇಲಣ ಒಂದು ಹಳ್ಳಿಗೆ ಕಂಬಳಿಗಳ ಗಂಟನ್ನು ಹೊರಿಸಿಕೊಂಡು ಹೋದೆವು. ಕುರಿ ಸಾಕಿ ಉಣ್ಣೆ ನೂಲುವ ಜನಕ್ಕೆ ಕಂಬಳಿ! ಮನೆಯೊಡತಿ ಅದನ್ನು ಮರ್ಯಾದೆಯಿಂದಲೇ ತೆಗೆದುಕೊಂಡು ಮೂಲೆಯಲ್ಲಿರಿಸಿ, ಕುಡುಗೋಲು ಹಿಡಿದು ಇಳಿಜಾರಿನ ಹುಲ್ಲು ಕೊಯ್ಯಲು ಹೊರಟಳು. ಚಳಿಗಾಲಕ್ಕೆ ದನಗಳಿಗೆ ಮೇವು ಕೂಡಿಡಬೇಕು. ಆಕೆಗೆ ಬೇಕಾಗಿದ್ದುದು ಕೈಗಳು. ನನ್ನ ಮಡದಿ ಇದನ್ನು ನನಗಿಂತ ಮೊದಲೇ ಅರಿತು ಹಿಂದೆ ಹೋದಳು. ಮಗಳು ಹೊತ್ತ ಸಣ್ಣ ಹೊರೆ ಅರ್ಧದಾರಿಯಲ್ಲಿ ಚೆದರಿತು. ಆಕೆ ನಕ್ಕು ಮತ್ತೆ ಕಟ್ಟಿಕೊಟ್ಟಳು. ನಿಜ ಹೇಳಬೇಕೆಂದರೆ, ಮೊದಲ ದಿನ ನಮ್ಮಿಂದ ಆಕೆಗೆ ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೂರನೆಯ ದಿನಕ್ಕೆ ಕೈ ಕುದುರಿತು. ಅಷ್ಟರಲ್ಲಿ ಹೊರಡುವ ಹೊತ್ತಾಯಿತು.

ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು, ಸತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಅವರ ಬಡತನಕ್ಕೆ ಮರುಗಿ ಬಸವಣ್ಣನವರು ಗುಟ್ಟಾಗಿ ಹೊನ್ನನ್ನಿಟ್ಟು ಬಂದಾಗ, ದಂಪತಿಗಳು ಅದನ್ನು ತಮಗೆ ಬಳಸದೆ ಜಂಗಮರಿಗೆ ಹಂಚಿಬಿಟ್ಟರಂತೆ. ಕೊಡುವವರು ಬಸವಣ್ಣನವರೇ ಆಗಿದ್ದರೂ, ದುಡಿಯುವವನ ಮನೆಯೊಳಗೆ ಕೇಳದೆ ಇಟ್ಟ ಹೊನ್ನು ಆ ಮನೆಗೆ ಒಗ್ಗಲಿಲ್ಲ. ಹೀಗಿರುವಾಗ ನಮ್ಮ ಕಂಬಳಿಗಳ ಮಾತೇನು?

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ಕೇದಾರದ ಏರಿನಲ್ಲಿ ಮುದುಕರನ್ನೂ ಮಕ್ಕಳನ್ನೂ ಬೆನ್ನಿನ ಬುಟ್ಟಿಯಲ್ಲಿ ಹೊರುವ ಆಳುಗಳಿದ್ದಾರೆ. ಬೆಳಗ್ಗೆ ಅಂಥವನೊಬ್ಬನ ಕೂಲಿಯಲ್ಲಿ ನಾನು ಚೌಕಾಸಿ ಮಾಡಿದ್ದೆ; ಸಂಜೆ ಮೇಲೆ ತಲುಪಿ ಧರ್ಮಕ್ಕೆಂದು ಹಣ ಕೊಟ್ಟೆ. ಅವನದು ಕಾಯಕ, ಅದರ ತಕ್ಕ ಬೆಲೆಯನ್ನು ಕಡಿದು ಉಳಿಸಿದ ಹಣದಿಂದ ಮಾಡಿದ್ದು ಯಾವ ದಾಸೋಹ? ಮಡದಿ ಈ ಪ್ರಶ್ನೆಯನ್ನು ಅಲ್ಲಿಯೇ ಕೇಳಿದಳು, ಉತ್ತರ ಕೊಡಲಾಗಲಿಲ್ಲ. ಇಳಿಯುವಾಗ ಆ ಆಳನ್ನು ಹುಡುಕಿದೆವು, ಸಿಗಲಿಲ್ಲ.