ಕಿರುಗಾನವೂ ಕೇಳುಗನ ಹೊಣೆಯೂ

ಹಾಡುವವನಿಗೆ ಸಾಧನೆ ಬೇಕೆಂಬದನ್ನು ಎಲ್ಲರೂ ಒಪ್ಪುತ್ತಾರೆ. ಕೇಳುವವನಿಗೂ ಒಂದು ಬಗೆಯ ಸಾಧನೆ ಬೇಕೆಂದರೆ ಒಪ್ಪುವವರು ವಿರಳ. ಹಾಡು ಮುಗಿದೊಡನೆ ‘ಚೆನ್ನಾಗಿದೆ’ ಎಂದೋ ‘ಇದರಲ್ಲೇನಿದೆ’ ಎಂದೋ ಹೇಳಿಬಿಡುವದು ಕಿವಿಯುಳ್ಳವರೆಲ್ಲರ ಜನ್ಮಸಿದ್ಧವಾದ ಹಕ್ಕೆಂದು ಲೋಕವು ತಿಳಿದಿದೆ. ಇತ್ತೀಚೆಗೆ ಈ ಹಕ್ಕಿನ ಉಪಯೋಗವು ಬಹಳ ಹೆಚ್ಚಿದೆ. ಚಲಚ್ಚಿತ್ರಕ್ಕೆ ಸೇರದೆ, ದೊಡ್ಡ ಕಂಪನಿಯ ಆಸರೆಯಿಲ್ಲದೆ, ತರುಣರು ತಾವೇ ಪದ ಕಟ್ಟಿ, ತಾವೇ ಧಾಟಿ ಹಾಕಿ, ಮೂರು ನಾಲ್ಕು ಹಾಡುಗಳ ಕಿರು ಮುದ್ರಿಕೆಯನ್ನು ಹೊರತರುವ ರೂಢಿಯು ಕನ್ನಡದಲ್ಲಿಯೂ ಬೇರೂರಿದೆ. ಇಂಥ ಗಾನಕ್ಕೆ ಇಂಗ್ಲಿಷಿನಿಂದ ಬಂದ ‘ಇಂಡಿ’ ಎಂಬ ಹೆಸರು ಬಿದ್ದಿದೆ. ಸ್ವತಂತ್ರ ಗಾನವೆಂದು ಅದರ ತಾತ್ಪರ್ಯ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಗಳಲ್ಲಿಯೂ ಮೊಬೈಲ್ ಫೋನಿನಿಂದ ಇಂಥ ಹಾಡುಗಳು ಕೇಳಿಬರುತ್ತವೆ. ಒಂದೇ ಮನೆಯೊಳಗೆ ಮಗಳಿಗೆ ಅಮೃತವಾದದ್ದು ತಂದೆಗೆ ಗದ್ದಲವೆನಿಸುತ್ತದೆ. ಅಜ್ಜನಂತೂ ‘ಇದು ಹಾಡೇ ಅಲ್ಲ’ ಎಂದು ಎದ್ದು ಹೋಗುತ್ತಾನೆ. ಹತ್ತು ನಿಮಿಷಕ್ಕೆ ಮುಗಿಯುವ ಮುದ್ರಿಕೆಯ ಮೇಲೆ ತಾಸುಗಟ್ಟಲೆ ವಾದ ನಡೆಯುತ್ತದೆ. ಈ ವಾದದಲ್ಲಿ ಯಾರು ಗೆದ್ದರು ಎಂಬದಕ್ಕಿಂತ, ಅಭಿಪ್ರಾಯ ಹೇಳುವವನು ಹಾಡಿದವನಿಗೆ ಏನಾದರೂ ಋಣಿಯಾಗಿರುವನೇ ಎಂಬ ಪ್ರಶ್ನೆಯೇ ವಿಚಾರಕ್ಕೆ ಹೆಚ್ಚು ಯೋಗ್ಯವಾದದ್ದು.

ಪ್ರಶ್ನೆಯು ಈ ನಾಡಿಗೆ ಹೊಸದಲ್ಲ. ಕ್ರಿ. ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಾದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸುತ್ತದೆ, ಆ ಕೊಪಣವೇ ಇಂದಿನ ಕೊಪ್ಪಳ. ಈ ನಾಡಿನವರು ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಗ್ರಂಥಕಾರನು ಕೊಂಡಾಡಿದ್ದು ವಾಚಕರೆಲ್ಲರಿಗೂ ಗೊತ್ತಿದ್ದ ಮಾತು. ಆದರೆ ಅದರ ಬೆನ್ನಿಗೆ ಬರುವ ಇನ್ನೊಂದು ಮಾತನ್ನು ನೆನೆಯುವವರು ಕಡಿಮೆ. ಜಾಣರಲ್ಲದವರೂ ಅರಿತವರಂತೆ, ದೋಷದ ಎಡೆ ಕೊಂಚ ದೊರೆತರೂ ಬಿಡದೆ, ಅದನ್ನೇ ಹಿಡಿದು ಕೃತಿಯನ್ನು ಹೀಗಳೆಯುತ್ತಾರೆಂದು ಅವನು ಹೇಳುತ್ತಾನೆ. ಇದನ್ನು ಜನರ ಚುರುಕಿಗೆ ಸಂದ ಮತ್ತೊಂದು ಹೊಗಳಿಕೆಯೆಂದೂ ಓದಬಹುದು, ಎಚ್ಚರಿಕೆಯೆಂದೂ ಓದಬಹುದು. ಹೇಗೆ ಓದಿದರೂ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕಿವಿಯ ಸೂಕ್ಷ್ಮತೆಯೂ ನಾಲಗೆಯ ಹರಿತವೂ ಒಂದೇ ಹೊಲದ ಬೆಳೆಗಳು. ಕಳೆ ಯಾವದು, ಪೈರು ಯಾವದು ಎಂದು ನೋಡಿ ತೆಗೆಯುವ ಕೆಲಸವು ಹೊಲದ ಒಡೆಯನಿಗೆ ಸೇರಿದ್ದು.

ಕಿರುಗಾನದ ಮೇಲಿನ ಆಕ್ಷೇಪವೂ ಇಂದಿನದಲ್ಲ. ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ೧೯೦೨ರಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾನವನ್ನು ತಟ್ಟೆಗೆ ಇಳಿಸಿದನು. ಇದೇ ವಿದುಷಿಯು ೧೯೨೮ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡರು. ನಿಮಿಷಕ್ಕೆ ೭೮ ಸುತ್ತು ತಿರುಗುವ ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚು ಕಡಿಮೆ ಮೂರು ನಿಮಿಷದ ಹಾಡು ಮಾತ್ರ. ರಾತ್ರಿಯೆಲ್ಲ ಒಂದು ರಾಗವನ್ನು ಬೆಳೆಯಿಸುವ ವಿದ್ಯೆಯುಳ್ಳವರು ಇದನ್ನು ಕಂಡು ಹಳಿದದ್ದು ಸಹಜವೇ ಸರಿ. ರಾಗದ ಬಾಗಿಲು ತೆರೆಯುವಷ್ಟರಲ್ಲಿ ತಟ್ಟೆ ಮುಗಿದು ಹೋಗುವದಲ್ಲವೇ? ಆದರೂ ಈ ಆಕ್ಷೇಪದಲ್ಲಿ ಒಂದು ದೋಷ ಅಡಗಿದೆ. ಮೂರು ನಿಮಿಷದ ವಸ್ತುವನ್ನು ಮೂರು ತಾಸಿನ ಕೋಲಿನಿಂದ ಅಳೆದರೆ ಅದು ಯಾವಾಗಲೂ ಗಿಡ್ಡವೆಂದೇ ಕಾಣುವದು. ಸಣ್ಣದು ಸಣ್ಣದರೊಳಗೆ ಪೂರ್ಣವಾಗಿದೆಯೇ ಎಂಬದೇ ಅದಕ್ಕೆ ಕೇಳತಕ್ಕ ಪ್ರಶ್ನೆ. ಕೊಪ್ಪಳದ ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನವು ಕೆಲವೇ ಸಾಲುಗಳದ್ದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಶ್ರೇಯಸ್ಸನ್ನು ಪಡೆಯಬಲ್ಲರೆಂದು ಅದು ಸಾರುತ್ತದೆ. ಆ ಮಾತಿಗೆ ಅಷ್ಟೇ ಸಾಲು ಸಾಕಾಗಿವೆ; ಗಿಡ್ಡವೆಂದು ಯಾರೂ ಅದನ್ನು ಹಳಿಯುವದಿಲ್ಲ.

ಒಂದು ತಟ್ಟೆಯ ಮೂರು ನಿಮಿಷ ಏನನ್ನು ಮಾಡಬಲ್ಲದೆಂಬದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಕೊಪ್ಪಳದಿಂದ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟರೆ ಸಿಗುವ ಗದಗಿನಲ್ಲಿಯೇ ಅದು ಇದೆ. ಅಲ್ಲಿ ೧೯೨೨ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿದರು. ಆ ಗಾನವು ಅವರನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. ೧೯೩೩ರಲ್ಲಿ, ಹನ್ನೊಂದರ ಎಳೆವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದರು; ಊರೂರು ಅಲೆದು ಕೊನೆಗೆ ಖಾನಸಾಹೇಬರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಪಾದವನ್ನು ಹಿಡಿದರು. ಆ ತಟ್ಟೆಯನ್ನು ಅದೇ ದಿನಗಳಲ್ಲಿ ಕೇಳಿ, ಒಂದು ಕ್ಷಣ ತಲೆದೂಗಿ ಮರೆತವರು ಎಷ್ಟು ಜನರಿರಬಹುದು! ತಟ್ಟೆ ಒಂದೇ, ಕೇಳಿದ ಕಿವಿಗಳು ಬೇರೆ. ಹಾಡಿನ ಬೆಲೆಯಲ್ಲಿ ಒಂದು ಪಾಲನ್ನು ಕೇಳುಗನೇ ತುಂಬಿಕೊಡುತ್ತಾನೆಂದು ಇದರ ಮೇಲಿಂದ ಗೊತ್ತಾಗುತ್ತದೆ. ಹೀಗಿರಲು, ‘ಇದರಲ್ಲಿ ಏನೂ ಇಲ್ಲ’ ಎನ್ನುವವನು ಆ ಮಾತು ಹಾಡಿಗೆ ಸಲ್ಲತಕ್ಕದ್ದೋ ತನಗೆ ಸಲ್ಲತಕ್ಕದ್ದೋ ಎಂದು ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ.

ತಪ್ಪು ಕೋಲಿನಿಂದ ಅಳೆಯುವದು ಕೇಳುಗನ ಮೊದಲನೆಯ ದೋಷವಾದರೆ, ಒಂದು ಮುದ್ರಿಕೆಯನ್ನು ಕೇಳಿ ಹಾಡಿದವರ ಸಂಪೂರ್ಣ ಯೋಗ್ಯತೆಯನ್ನು ತೀರ್ಮಾನಿಸುವದು ಎರಡನೆಯದು. ಗಂಗೂಬಾಯಿ ಹಾನಗಲ್ಲರ ಮೊದಲಿನ ತಟ್ಟೆಗಳು ೧೯೩೦ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಿದ್ದವು. ಅವುಗಳಲ್ಲಿಯ ಕಂಠವು ತೆಳುವಾದದ್ದು, ಏರುದನಿಯದು. ಮುಂದೆ ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ಅವರ ದನಿಯು ಗಡಸಾಗಿ, ಗಂಭೀರವಾಗಿ ಮಾರ್ಪಟ್ಟಿತು. ಲೋಕವು ಅವರನ್ನು ಗುರುತಿಸಿದ್ದು ಆ ಎರಡನೆಯ ದನಿಯಿಂದಲೇ. ಮೊದಲಿನ ತಟ್ಟೆಯೊಂದನ್ನೇ ಕೇಳಿ ‘ಇವರ ಕಂಠ ಇಷ್ಟೇ’ ಎಂದು ಬರೆದಿಟ್ಟವನಿದ್ದರೆ ಕಾಲವು ಅವನನ್ನು ನಗೆಗೀಡು ಮಾಡುತ್ತಿತ್ತು. ಮುದ್ರಿಕೆಯು ಹಾಡುಗಾರನ ಒಂದು ದಿನದ ನೆರಳು. ನೆರಳನ್ನು ಕುರಿತು ಹೇಳಿದ್ದು ನೆರಳಿಗೆ ಮಾತ್ರ ಸಲ್ಲಬೇಕು. ಇಪ್ಪತ್ತರ ಪ್ರಾಯದ ತರುಣನೊಬ್ಬನು ಮೊದಲ ಸಲ ಹೊರತಂದ ಮೂರು ಹಾಡುಗಳನ್ನು ಕೇಳಿ, ‘ಇವನಿಗೆ ಸಂಗೀತ ಒಲಿಯಲಾರದು’ ಎನ್ನುವವನು ಮುಂದಿನ ಐವತ್ತು ವರ್ಷಗಳ ಲೆಕ್ಕವನ್ನು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದಂತಾಯಿತು.

ಇಲ್ಲಿ ಒಂದು ಪ್ರತಿವಾದವು ಬರುವದು ಸ್ವಾಭಾವಿಕ. ಸಂಗೀತವು ಸುಖಕ್ಕಾಗಿ ಇರುವದು. ಸುಖವಾಗದಿದ್ದರೆ ಆಗಲಿಲ್ಲವೆಂದು ಹೇಳುವದಕ್ಕೆ ಶಾಸ್ತ್ರವೇಕೆ, ಸಂಕೋಚವೇಕೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ‘ನನಗೆ ಹಿಡಿಸಲಿಲ್ಲ’ ಎಂಬದೂ ‘ಇದು ಕೆಟ್ಟದ್ದು’ ಎಂಬದೂ ಒಂದೇ ಅಲ್ಲ. ಜರ್ಮನಿಯ ತತ್ತ್ವಜ್ಞನಾದ ಕಾಂಟನು ೧೭೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಭೇದವನ್ನು ಬಿಡಿಸಿ ತೋರಿಸಿದ್ದಾನೆ. ಬರಿಯ ರುಚಿಯನ್ನು ಹೇಳುವವನು ತನ್ನೊಬ್ಬನ ಮಾತನ್ನು ಆಡುತ್ತಾನೆ. ಚೆಲುವಿನ ವಿಷಯದಲ್ಲಿ ತೀರ್ಪು ಕೊಡುವವನು ಎಲ್ಲರೂ ತನ್ನನ್ನು ಒಪ್ಪತಕ್ಕದ್ದೆಂದು ಕೇಳಿದಂತಾಗುತ್ತದೆ. ಹಾಗಲಕಾಯಿ ಸೇರದವನು ಕಾರಣ ಕೊಡಬೇಕಾಗಿಲ್ಲ. ಆದರೆ ಹಾಗಲಕಾಯಿ ವಿಷವೆಂದು ಊರಲ್ಲಿ ಸಾರುವವನು ಕಾರಣ ಕೊಡಲೇಬೇಕು. ಬಹು ಜನರ ಅಭಿಪ್ರಾಯಗಳು ರುಚಿಯಾಗಿ ಹುಟ್ಟಿ, ಬಾಯಿಂದ ಹೊರಬೀಳುವಾಗ ತೀರ್ಪಿನ ವೇಷವನ್ನು ಧರಿಸಿಕೊಳ್ಳುತ್ತವೆ. ತಕರಾರು ಇರುವದು ರುಚಿಯ ಮೇಲಲ್ಲ, ವೇಷದ ಮೇಲೆ.

ನಮ್ಮ ದೇಶದ ಶಾಸ್ತ್ರಕಾರರೂ ಈ ಸೂಕ್ಷ್ಮವನ್ನು ಕಂಡಿದ್ದರು. ಭರತಮುನಿಯ ನಾಟ್ಯಶಾಸ್ತ್ರವು ಉತ್ತಮ ಪ್ರೇಕ್ಷಕನ ಗುಣಗಳನ್ನು ಒಂದೊಂದಾಗಿ ಎಣಿಸಿ, ಬಳಿಕ ಇವೆಲ್ಲವೂ ಒಬ್ಬನಲ್ಲಿಯೇ ಇರಲಾರವೆಂದು ಒಪ್ಪಿಕೊಳ್ಳುತ್ತದೆ. ವಯಸ್ಸು ಬೇರೆಯಾದಂತೆ ಒಲವು ಬೇರೆಯಾಗುವದೆಂಬದನ್ನೂ, ಆಯಾ ವಿದ್ಯೆಯನ್ನು ಬಲ್ಲವನೇ ಆಯಾ ಅಂಶಕ್ಕೆ ತೀರ್ಪುಗಾರನಾಗತಕ್ಕದ್ದೆಂಬದನ್ನೂ ಅದು ಹೇಳುತ್ತದೆ. ಇದನ್ನು ಇಂದಿನ ಮನೆಗೆ ಅನ್ವಯಿಸಿ ನೋಡಬಹುದು. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಡನೆ ಹಾಡಿದ ರಘು ದೀಕ್ಷಿತರ ಮುದ್ರಿಕೆಯು ೨೦೦೮ರಲ್ಲಿ ಹೊರಬಂದಿತು. ಅವೇ ಪದಗಳನ್ನು ಭಜನೆಯ ಮೇಳದಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಕೇಳುತ್ತ ಬೆಳೆದ ಹಿರಿಯನಿಗೆ ಗಿಟಾರಿನ ನಾದವು ಪರಕೀಯವೆನಿಸಿದರೆ ಆಶ್ಚರ್ಯವಿಲ್ಲ. ಶರೀಫರ ಹೆಸರನ್ನೇ ಮೊದಲ ಸಲ ಆ ಮುದ್ರಿಕೆಯಿಂದ ಅರಿತ ಮೊಮ್ಮಗನಿಗೆ ಅದು ಬಾಗಿಲು ತೆರೆದಂತೆ ತೋರಿದರೂ ಆಶ್ಚರ್ಯವಿಲ್ಲ. ಪದದ ಒಳಗಿನ ಅರ್ಥ ಉಳಿದಿದೆಯೇ ಎಂಬದನ್ನು ಹಿರಿಯನು ಹೇಳಬಲ್ಲನು. ಹೊಸ ವಾದ್ಯವು ಹದವಾಗಿ ಕೂಡಿದೆಯೇ ಎಂಬದನ್ನು ಮೊಮ್ಮಗನು ಹೇಳಬಲ್ಲನು. ತನ್ನ ಪಾಲಿನದನ್ನು ಇಬ್ಬರೂ ಹೇಳಿ, ಇನ್ನೊಬ್ಬನ ಪಾಲಿನದನ್ನು ಕೇಳಿದರೆ ಜಗಳವು ಹೋಗಿ ವಿಚಾರವು ಉಳಿಯುತ್ತದೆ.

ಕೇಳುಗನ ಮೂರನೆಯ ದೋಷವು ಮೊದಲಿನೆರಡಕ್ಕಿಂತ ಸಾಮಾನ್ಯವಾದದ್ದು, ಮತ್ತು ಸಣ್ಣ ಊರುಗಳಿಗೆ ಹೆಚ್ಚು ಅಂಟಿಕೊಂಡದ್ದು. ಅದು ಎದುರಿಗೊಂದು, ಹಿಂದೊಂದು ಹೇಳುವದು. ಗಂಗಾವತಿಯ ಅಂಗಡಿಕಾರನ ಮಗನಾಗಲಿ, ಕುಷ್ಟಗಿಯ ಮಾಸ್ತರರ ಮಗಳಾಗಲಿ ತಾನು ಕಟ್ಟಿದ ಹಾಡುಗಳನ್ನು ಹೊರತಂದರೆ, ಊರಲ್ಲಿ ಎಲ್ಲರೂ ಪರಿಚಿತರೇ. ಕಾಕಾ, ಮಾಮಾ, ಅತ್ತಿ, ನೆರೆಯವರು ಎಲ್ಲರೂ ‘ಭಾಳ ಛಲೋ ಆಗೇದ’ ಎಂದು ಬೆನ್ನು ಚಪ್ಪರಿಸುತ್ತಾರೆ. ಕಟ್ಟೆಯ ಮೇಲೆ ಕುಳಿತಾಗ ಮಾತು ಬೇರೆಯಾಗುತ್ತದೆ. ಪೂರ್ಣ ಕೇಳದವನೂ ಕೇಳಿದವನಷ್ಟೇ ಧೈರ್ಯದಿಂದ ನಗುತ್ತಾನೆ. ಮೊದಲು ಆಡಿದವನ ಮಾತೇ ಹತ್ತು ಬಾಯಿಗಳಲ್ಲಿ ತಿರುಗಿ ಊರಿನ ಅಭಿಪ್ರಾಯವಾಗುತ್ತದೆ. ಚಲಚ್ಚಿತ್ರದ ಹಾಡು ಬಿದ್ದರೆ ನಷ್ಟವನ್ನು ಹಂಚಿಕೊಳ್ಳುವವರು ಹತ್ತು ಜನರಿರುತ್ತಾರೆ. ಸ್ವತಂತ್ರವಾಗಿ ಹಾಡಿದವನಿಗೆ ಹಣವೂ ತನ್ನದೇ, ಹೆಸರೂ ತನ್ನದೇ, ಅವಮಾನವೂ ತನ್ನೊಬ್ಬನದೇ. ಅವನಿಗೆ ಎರಡೂ ಮಾತುಗಳಿಂದ ಕೇಡಾಗುತ್ತದೆ. ಎದುರಿನ ಸುಳ್ಳು ಹೊಗಳಿಕೆಯು ತಿದ್ದಿಕೊಳ್ಳುವ ದಾರಿಯನ್ನು ಮುಚ್ಚುತ್ತದೆ. ಹಿಂದಿನ ನಗೆಯು ಕಿವಿಗೆ ಬಿದ್ದ ದಿನ ಹಾಡುವ ಬಾಯನ್ನೇ ಮುಚ್ಚುತ್ತದೆ. ‘ಎರಡನೆಯ ಹಾಡಿನಲ್ಲಿ ತಾಳ ಜಗ್ಗಿತು, ಮೂರನೆಯದರಲ್ಲಿ ವಾದ್ಯದ ಗದ್ದಲಕ್ಕೆ ಮಾತು ಮುಳುಗಿತು, ಮೊದಲನೆಯದನ್ನು ಮತ್ತೆ ಕೇಳಬೇಕೆನಿಸಿತು’ ಎಂದು ಎದುರಿಗೇ ಹೇಳುವ ಒಬ್ಬನೇ ಒಬ್ಬ ಹಿತೈಷಿಯು ಇವರೆಲ್ಲರಿಗಿಂತ ಹೆಚ್ಚಿನ ಉಪಕಾರಿ. ದಯೆಯೆಂದರೆ ದೋಷವನ್ನು ಮುಚ್ಚಿಡುವದಲ್ಲ. ದೋಷವನ್ನು ತಿದ್ದಲು ಬರುವಂತೆ ಹೇಳುವದು.

ಗೌಹರ್ ಜಾನ್ ಅವರ ಮೊದಲ ತಟ್ಟೆಗಳ ವಿಷಯದಲ್ಲಿ ನೆನೆಯತಕ್ಕ ಇನ್ನೊಂದು ಸಂಗತಿಯಿದೆ. ಹಾಡು ಮುಗಿಯುವ ಹೊತ್ತಿಗೆ ಆಕೆ ತನ್ನ ಹೆಸರನ್ನು ತಾನೇ ಉಚ್ಚರಿಸುತ್ತಿದ್ದಳು. ತಟ್ಟೆಗಳು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದುದರಿಂದ ಅಲ್ಲಿಯ ಕೆಲಸಗಾರರಿಗೆ ಗುರುತು ತಿಳಿಯಲೆಂದು ಹಾಗೆ ಮಾಡಿದ್ದು. ಕಾರಣವು ವ್ಯಾವಹಾರಿಕವಾದದ್ದೇ ಇರಲಿ, ಅದರಲ್ಲೊಂದು ನೀತಿಯನ್ನು ಕಾಣಬಹುದು: ಹಾಡಿದವಳು ‘ಇದು ನನ್ನದು’ ಎಂದು ಹೇಳಿ ಗುಣಕ್ಕೂ ದೋಷಕ್ಕೂ ತಾನೇ ಹೊಣೆಯಾದಳು. ಅಭಿಪ್ರಾಯ ಹೇಳುವವರು ಮಾತ್ರ ಎಷ್ಟೋ ಸಲ ಹೆಸರನ್ನು ಮರೆಮಾಡಿ, ‘ಜನರು ಹೀಗೆನ್ನುತ್ತಾರೆ’ ಎಂದು ಜನರ ಹೆಗಲಿಗೆ ಬಂದೂಕನ್ನಿಟ್ಟು ಹೊಡೆಯುತ್ತಾರೆ. ತನ್ನ ಹೆಸರಿನೊಡನೆ ಹೇಳಲಾಗದ ಅಭಿಪ್ರಾಯವನ್ನು ಹೇಳದೆ ಇರುವದೇ ಒಳಿತು. ಹೆಸರು ಕೂಡಿಸಬೇಕಾದೀತೆಂದು ಗೊತ್ತಾದೊಡನೆ ಅರ್ಧಕ್ಕರ್ಧ ಕಟುವಾದ ಮಾತುಗಳು ತಾವಾಗಿಯೇ ಮೆತ್ತಗಾಗುತ್ತವೆ. ಅರ್ಧಕ್ಕರ್ಧ ಹೊಗಳಿಕೆಯೂ ತಗ್ಗುತ್ತದೆ.

ಹಾಗಾದರೆ ಕೇಳುಗನ ಧರ್ಮವೇನು? ಅದು ಭಾರವಾದದ್ದಲ್ಲ. ದೀರ್ಘವಾದ ಕಾದಂಬರಿಯನ್ನು ಎರಡನೆಯ ಸಲ ಓದಲು ಸಮಯವಿಲ್ಲವೆಂದು ಹೇಳುವದಕ್ಕೆ ಎಡೆಯುಂಟು. ಹತ್ತು ನಿಮಿಷದ ಹಾಡಿಗೆ ಆ ನೆಪವೂ ಸಲ್ಲದು. ಕೃತಿಯು ಎಷ್ಟು ಕಿರಿದೋ ಕೇಳುಗನ ಹೊಣೆಯು ಅಷ್ಟು ಹಿರಿದು. ತೀರ್ಪು ಕೊಡುವದಕ್ಕೆ ಮುಂಚೆ ಪೂರ್ಣ ಕೇಳುವದು. ಒಪ್ಪಿಗೆಯಾಗದಿದ್ದರೆ ಬೇರೊಂದು ದಿನ, ಬೇರೊಂದು ಮನಃಸ್ಥಿತಿಯಲ್ಲಿ ಮತ್ತೊಮ್ಮೆ ಕೇಳುವದು. ಹಾಡಿದವನು ಏನನ್ನು ಮಾಡಹೊರಟಿದ್ದನೆಂಬದನ್ನು ಮೊದಲು ತಿಳಿದು, ಅದು ಕೈಗೂಡಿತೇ ಎಂಬದನ್ನು ಆಮೇಲೆ ನೋಡುವದು. ರುಚಿಯನ್ನು ರುಚಿಯೆಂದೇ, ತೀರ್ಪನ್ನು ಕಾರಣಸಹಿತವಾಗಿ ಹೇಳುವದು. ಇಷ್ಟಾದ ಮೇಲೂ ಹಾಡು ಕೆಟ್ಟದ್ದೆಂದು ಕಂಡರೆ ಹಾಗೆಂದು ಹೇಳಲು ಯಾರೂ ಅಂಜಬೇಕಾಗಿಲ್ಲ. ಕೇಳಿ ತೆಗಳಿದವನ ಮೇಲೆ ಹಾಡುಗಾರನಿಗೆ ಸಿಟ್ಟು ಬರಬಹುದು, ಆದರೆ ಅನ್ಯಾಯವಾಯಿತೆಂಬ ನೋವು ಉಳಿಯಲಾರದು. ಕೇಳದೆ ಹೊಗಳಿದವನಿಂದ ಅವನಿಗೆ ದೊರೆತದ್ದಾದರೂ ಏನು? ತನ್ನ ಮೂರು ನಿಮಿಷವನ್ನು ಲೋಕಕ್ಕೆ ಒಪ್ಪಿಸಿದವನು ಬೇಡುವದು ಮತ್ತೊಬ್ಬರ ಮೂರು ನಿಮಿಷವನ್ನು ಮಾತ್ರ. ಓದದೆಯೂ ಮರ್ಮವನ್ನರಿಯುವ ಜನರೆಂದು ಸಾವಿರ ವರ್ಷಗಳ ಹಿಂದೆಯೇ ಹೆಸರಾದ ನಾಡಿಗೆ ಅಷ್ಟನ್ನು ಕೊಡುವದು ಕಷ್ಟವಾಗಬಾರದು.