ಪಾಲಿಲ್ಲದವರ ಹೆಸರು

ನಮ್ಮ ಮನೆಗಳಲ್ಲಿ ವಂಶವೃಕ್ಷ ಬರೆಯುವ ಸಂದರ್ಭ ಸಾಮಾನ್ಯವಾಗಿ ಒಂದೇ. ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ. ತಿಥಿಯ ಊಟ ಮುಗಿದು, ಬಂದ ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಯಾರೋ ಒಬ್ಬರು ಮೆಲ್ಲಗೆ ಪಹಣಿಯ ಮಾತು ತೆಗೆಯುತ್ತಾರೆ. ಪೌತಿ ಖಾತೆ ಆಗಬೇಕು, ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಬೇಕು. ಒಂದು ಬಿಳಿ ಹಾಳೆಯ ನೆತ್ತಿಯಲ್ಲಿ ಹೋದವರ ಹೆಸರು, ಪಕ್ಕದಲ್ಲಿ ‘ಮೃತ’ ಎಂಬ ಎರಡಕ್ಷರ, ಕೆಳಗೆ ಹೆಂಡತಿ, ಅಲ್ಲಿಂದ ಗೆರೆ ಎಳೆದು ಮಕ್ಕಳು. ನೋಟರಿಯ ಮುದ್ರೆ ಬೀಳುತ್ತದೆ, ಗ್ರಾಮ ಆಡಳಿತಾಧಿಕಾರಿ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಹಾಳೆ ಫೈಲು ಸೇರಿತೆಂದರೆ ಮುಂದಿನ ಸಾವಿನ ತನಕ ವಂಶದ ಸುದ್ದಿ ಯಾರಿಗೂ ಬೇಡ.

ಇದನ್ನು ತಪ್ಪೆನ್ನುವುದಕ್ಕೆ ನಾನು ಹೊರಟಿಲ್ಲ. ಹೊಲ ಯಾರ ಹೆಸರಿಗೆ ಎಂಬುದು ಸಕಾಲಕ್ಕೆ ತೀರ್ಮಾನವಾಗದೆ ಕೋರ್ಟು ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಹಾಳೆಯೇ ನಮ್ಮ ಮನೆತನ ಎಂದು ನಂಬಿ ಕೂತರೆ ತೊಂದರೆ. ಅದರಲ್ಲಿರುವುದು ಪಾಲು ಉಳ್ಳವರ ಹೆಸರು. ಕೈಗೂಸಾಗಿದ್ದಾಗಲೇ ಹೋದ ಮಗು ಅದರಲ್ಲಿಲ್ಲ. ಮದುವೆಯಾಗದೆ ಉಳಿದು, ಅಡಕೆ ತೋಟಕ್ಕೆ ಜೀವ ತೇದ ದೊಡ್ಡಪ್ಪ ಒಂದು ತಲೆಮಾರು ಕಳೆಯುವುದರೊಳಗೆ ಅದರಿಂದ ಜಾರುತ್ತಾನೆ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಸೋದರತ್ತೆ ಆ ಮನೆಯ ಅಷ್ಟೂ ಸೊಸೆಯಂದಿರ ಬಾಣಂತನ ಮಾಡಿರುತ್ತಾಳೆ. ಹಾಳೆಗೆ ಅವಳ ಗುರುತಿಲ್ಲ. ಮನೆ ನಿಂತಿದ್ದು ಅವಳಿಂದ ಎಂದು ದೊಡ್ಡವರು ಹೇಳಿದ್ದಾರು. ಬರೆದುಕೊಂಡವರು ಯಾರು?

ಹೆಣ್ಣುಮಕ್ಕಳದೂ ಬಹುಕಾಲ ಹೀಗೇ ನಡೆಯಿತು. ‘ಮದುವೆಯಾಗಿ ಹೋದವಳು’ ಎಂಬ ಮಾತೊಂದು ಸಾಕಿತ್ತು, ಗೆರೆ ಅವಳ ತನಕ ಬರುತ್ತಿರಲಿಲ್ಲ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು. ಆಮೇಲೆ ಅಕ್ಕತಂಗಿಯರ ಹೆಸರು ವಂಶವೃಕ್ಷದಲ್ಲಿ ತಪ್ಪದೆ ಕಾಣಿಸತೊಡಗಿತು. ಎಷ್ಟೋ ಮನೆಗಳಲ್ಲಿ ಅದು ಕಾಣಿಸಿದ್ದು ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಎಂಬುದನ್ನೂ ಹೇಳಿಬಿಡಬೇಕು.

ಆಸ್ತಿ ಎತ್ತ ಹರಿಯಿತೋ ಹೆಸರೂ ಅತ್ತಲೇ ಹರಿಯಿತು. ಇದಕ್ಕೆ ಸಾಕ್ಷಿ ಬೇಕಿದ್ದರೆ ಘಟ್ಟ ಇಳಿದು ತುಳುನಾಡಿಗೆ ಹೋಗಬೇಕು. ಅಳಿಯಸಂತಾನದ ಕುಟುಂಬಗಳಲ್ಲಿ ಮಕ್ಕಳಿಗೆ ಬಳಿ, ಎಂದರೆ ಕುಲದ ಗುರುತು, ಬರುವುದು ತಾಯಿಯಿಂದ, ಆಸ್ತಿ ಉಳಿಯುತ್ತಿದ್ದದ್ದು ಸೋದರಿಯರ ಸಂತಾನದಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ಲೆಕ್ಕ ಹಿಡಿದದ್ದು ಕವರುಗಳನ್ನು, ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಇಳಿದುಬರುವ ಕವಲುಗಳನ್ನು. ಅಲ್ಲಿ ಅಜ್ಜಿಯ ಅಜ್ಜಿಯ ಹೆಸರು ನಾಲಗೆಯ ತುದಿಯಲ್ಲಿರುವವರು ಸಿಗುತ್ತಾರೆ. ಅಪ್ಪನ ಅಜ್ಜ ಯಾರೆಂದು ಕೇಳಿದರೆ ಸ್ವಲ್ಪ ತಡೆದು ಯೋಚಿಸುತ್ತಾರೆ. ಹೆಂಗಸರ ಹೆಸರು ನೆನಪಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ಸುಳ್ಳೆಂದು ಇದರಿಂದ ಗೊತ್ತಾಯಿತಲ್ಲ. ಕಾಗದಕ್ಕೆ ಬೇಕಾದರೆ ನಿಲ್ಲುತ್ತದೆ.

ಭೂಮಿಯೇ ಇಲ್ಲದ ಮನೆಗಳ ಪಾಡು ಇನ್ನೂ ಬೇರೆ. ಪರರ ಗದ್ದೆ ಉತ್ತು ಗೇಣಿ ಅಳೆದವರ ಹೆಸರು ಎಷ್ಟೋ ಕಡೆ ಸರ್ಕಾರಿ ಕಾಗದದಲ್ಲಿ ಮೊದಲ ಬಾರಿಗೆ ಕಾಣುವುದು 1974ರ ಭೂಸುಧಾರಣೆಯ ನಂತರ, ಭೂನ್ಯಾಯ ಮಂಡಳಿಗೆ ಕೊಟ್ಟ ಏಳನೇ ನಮೂನೆಯ ಅರ್ಜಿಯಲ್ಲಿ. ಅಂಥ ಅರ್ಜಿಯ ಪ್ರತಿ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ಅದನ್ನು ಬರೀ ದಾಖಲೆಯೆಂದು ಮಡಿಸಿಡಬೇಡಿ, ಮಕ್ಕಳಿಗೆ ಓದಿ ಹೇಳಿ. ಆ ಸಾಲುಗಳಲ್ಲಿ ಒಬ್ಬರು ‘ಈ ನೆಲ ಉತ್ತವನು ನಾನು’ ಎಂದು ತಮ್ಮ ಹೆಸರು ಹಿಡಿದು ಹೇಳಿಕೊಂಡಿದ್ದಾರೆ. ಅರ್ಜಿ ಹಾಕುವ ಅವಕಾಶವೂ ಇಲ್ಲದವರ ಚರಿತ್ರೆಯನ್ನು ಅವರ ಮಕ್ಕಳೇ ಬರೆಯಬೇಕಾಯಿತು. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಚೇರಿ ಕೇಳದಿದ್ದರೂ ವಂಶ ಬರೆದಿಟ್ಟುಕೊಂಡು ಬಂದವರು ನಮ್ಮಲ್ಲಿ ಇದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಒಕ್ಕಲು ಮನೆಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿ, ಅಂಗಳದಲ್ಲಿ ನಿಂತು ಆ ಮನೆತನ ಯಾವ ಊರಿಂದ ಎದ್ದು ಬಂತು, ಎಲ್ಲಿ ತಂಗಿತು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂದು ರಾಗವಾಗಿ ಹೇಳುತ್ತಿದ್ದರು. ಹೋದ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರು ಕೇಳಿ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳುತ್ತಿದ್ದರು. ಮನೆಯವರು ಕಾಳು ಕೊಡುತ್ತಿದ್ದರು, ಬಟ್ಟೆ ಕೊಡುತ್ತಿದ್ದರು, ಅನುಕೂಲವಿದ್ದವರು ಕರುವನ್ನೂ ಹೊಡೆದು ಕಳಿಸುತ್ತಿದ್ದರು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆಗಳೆಂದು ತಲೆತಲಾಂತರದ ಕಟ್ಟು. ಈಗಲೂ ಬರುವವರಿದ್ದಾರೆ, ಆದರೆ ಅವರ ಮಕ್ಕಳು ಬೇರೆ ಬೇರೆ ಕಸುಬು ಹಿಡಿದಿದ್ದಾರೆ, ಹಿಡಿಯಬೇಕಾದ್ದೇ. ಬಾಗಿಲಿಗೆ ಬಂದವರಿಗೆ ಹತ್ತು ರೂಪಾಯಿ ಚಾಚಿ ಮುಂದೆ ಕಳಿಸುವ ಮೊದಲು, ಒಳಗೆ ಕರೆದು ಕೂರಿಸಿ, ಹೊತ್ತಿಗೆ ಬಿಚ್ಚಿಸಿ, ಹೇಳುವುದನ್ನು ಫೋನಿನಲ್ಲಿ ಹಿಡಿದುಕೊಂಡು, ಅವರ ವಿದ್ಯೆಗೆ ತಕ್ಕ ಮರ್ಯಾದೆ ಮಾಡಿ ಕಳಿಸುವುದು ಗೃಹಸ್ಥರಾದ ನಮ್ಮ ಕೈಯಲ್ಲಾಗುವ ಕೆಲಸ.

ಹಬ್ಬಗಳೂ ಕಚೇರಿಗಿಂತ ಉದಾರ. ಮಹಾಲಯದ ತರ್ಪಣದಲ್ಲಿ ತಂದೆ, ಅಜ್ಜ, ಮುತ್ತಜ್ಜರ ಜೊತೆಗೆ ತಾಯಿಯ ತವರಿನವರು, ಅತ್ತೆ, ಸೋದರಮಾವ, ಗುರು, ಗೆಳೆಯ ಎಲ್ಲರಿಗೂ ನೀರು ಬಿಡುವ ಕ್ರಮವಿದೆ. ಕೊನೆಗೆ, ಯಾರೂ ಇಲ್ಲದೆ ಹೋದವರಿಗೂ ಒಂದು ಬೊಗಸೆ. ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಂತೂ ಹೆಸರಿನ ಜೊತೆ ಮನುಷ್ಯರೇ ಬರುತ್ತಾರೆ. ಅಜ್ಜನಿಗೆ ಬೀಡಿಯ ಕಟ್ಟು, ಅಜ್ಜಿಗೆ ಎಲೆಯಡಕೆ ಹೊಗೆಸೊಪ್ಪು, ಚಿಕ್ಕಪ್ಪನಿಗೆ ಕೋಳಿಸಾರು. ಮುತ್ತಜ್ಜನ ಹೆಸರು ಮರೆತ ಮೊಮ್ಮಗನಿಗೂ ಅವನಿಗೇನು ಪ್ರೀತಿ ಎಂಬುದು ತಿಳಿದಿರುತ್ತದೆ. ಯಾವುದು ಯಾರಿಗೆ ಎಂದು ಎಡೆಯ ಮುಂದೆ ನಿಂತ ಮಕ್ಕಳು ಕೇಳಿದರೆ ‘ಸುಮ್ಮನಿರು’ ಎನ್ನದೆ ಹೇಳಿದರಾಯಿತು.

ಮನೆತನದ ಕಥೆಯನ್ನು ನಾವೇ ಬರೆಯಲು ಕೂತಾಗ ಮೊದಲು ಕೈಕೊಡುವುದು ಹೆಂಗಸರ ಹೆಸರೇ. ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಬರೆದು ಸೊಸೆಗೆ ಹೊಸ ಹೆಸರಿಡುತ್ತಿದ್ದರು. ತವರಿನವರ ಬಾಯಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಮೊಮ್ಮಕ್ಕಳಿಗೆ ಗೊತ್ತಿರುವುದು ಎರಡನೆಯದು, ಅದೂ ‘ಅಜ್ಜಿ’ ಎಂಬುದರ ಆಚೆಗೆ ಯಾರಾದರೂ ಕೇಳಿದ್ದರೆ. ನಮ್ಮ ಬಳಗದ ಹಿರಿಯಜ್ಜಿಯೊಬ್ಬರನ್ನು ‘ನಿಮ್ಮ ತವರಿನ ಹೆಸರೇನು’ ಎಂದು ಕೇಳಿದಾಗ ಅವರು ಗಾಬರಿಯಿಂದ, “ಯಾಕಪ್ಪಾ, ಎಲ್ಲಿ ಸಹಿ ಹಾಕಬೇಕು?” ಎಂದರು. ಸಹಿ ಬೇಡ, ಸುಮ್ಮನೆ ಕೇಳಿದೆವು ಎಂದ ಮೇಲೆ ಹೆಸರು ಹೇಳಿದರು, ಹಿಂದೆಯೇ ಊರು, ಊರ ಬಾವಿ, ಬಾವಿಕಟ್ಟೆಯ ಗೆಳತಿಯರು ಎಲ್ಲ ಬಂದರು. ಊಟ ತಡವಾಯಿತು.

ಕೇಳುವ ಕ್ರಮವೂ ಒಂದಿದೆ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದು ಫೋನು ಮುಖಕ್ಕೆ ಹಿಡಿದರೆ ಯಾರಿಗೂ ಮಾತು ಹೊರಡುವುದಿಲ್ಲ. ಅವರೆಕಾಯಿ ಸುಲಿಯುವಾಗ ಎದುರು ಕೂತು ಕೇಳಬೇಕು: ನೀರು ಯಾರು ತರುತ್ತಿದ್ದರು, ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಯಾರಿಗೆ, ಅಕ್ಕಿ ಇಲ್ಲದ ವರ್ಷ ಏನು ತಿಂದಿರಿ. ಇಸವಿ ಕೇಳಿ ಪೀಡಿಸಬಾರದು. ಆ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಮೇಷ್ಟರು ಶಾಲೆಯ ದಾಖಲೆಗೆ ಬರೆದುಕೊಂಡ ಜೂನ್ ಒಂದು! ಅವರ ಪಂಚಾಂಗವೇ ಬೇರೆ. ಸಾಗರದ ಕಡೆಯವರು ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ ಎನ್ನುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅಲ್ಲಿಂದ ಲೆಕ್ಕ ನಾವು ಹಾಕಿಕೊಳ್ಳಬೇಕು. ಬೆಂಗಳೂರಿನ ಹಳೆಯ ಮನೆಗಳಲ್ಲಿ ‘ಪ್ಲೇಗ್ ಬಂದಾಗ’ ಎಂಬ ಮಾತು ಬಂದರೆ 1898ರ ಆಸುಪಾಸು. ಉತ್ತರದ ಕಡೆ ಬರಗಾಲದ ಹೆಸರಲ್ಲೇ ಕಾಲ ಹೇಳುತ್ತಾರೆ.

ಕೇಳುತ್ತ ಹೋದರೆ ಒಮ್ಮೊಮ್ಮೆ ಬೇಡದ್ದೂ ಎದ್ದು ಬರುತ್ತದೆ. ಜೀತಕ್ಕಿಟ್ಟುಕೊಂಡ ಆಳಿನ ಕಥೆ, ಹೊರಹಾಕಿದ ಸೊಸೆ, ಬೇರೆ ಜಾತಿಯವರನ್ನು ಮದುವೆಯಾದನೆಂದು ಹೆಸರೆತ್ತದೆ ಬಿಟ್ಟ ಮಗ. ಎಸ್.ಎಲ್. ಭೈರಪ್ಪನವರು 1965ರಲ್ಲೇ ‘ವಂಶವೃಕ್ಷ’ ಕಾದಂಬರಿ ಬರೆದು, ಕುಲದ ಹೆಮ್ಮೆಯಲ್ಲಿ ಬಾಳಿದ ಶ್ರೋತ್ರಿಯವರಿಗೆ ತಮ್ಮ ಹುಟ್ಟಿನ ನಿಜ ಗೊತ್ತಾಗುವ ಘಟ್ಟಕ್ಕೆ ನಮ್ಮನ್ನು ತಂದು ನಿಲ್ಲಿಸಿದ್ದರು. ಬದುಕಿರುವವರಿಗೆ ನೋವಾಗುವ ಸಂಗತಿಯನ್ನು ಊರಿಗೆಲ್ಲ ಸಾರಬೇಕಿಲ್ಲ, ಲಕೋಟೆಯಲ್ಲಿಟ್ಟು ಇಂಥ ಕಾಲದ ನಂತರ ತೆರೆಯಿರಿ ಎಂದು ಬರೆದಿಡಬಹುದು. ಆದರೆ ಬಿಟ್ಟ ಮಗನ ಹೆಸರನ್ನು ನಾವೂ ಬಿಟ್ಟರೆ ಆ ಅನ್ಯಾಯಕ್ಕೆ ನಮ್ಮ ರುಜುವೂ ಬಿದ್ದಂತೆ.

ಇನ್ನು ಕಾಗದಪತ್ರ. ಹಳೆಯ ಪತ್ರಗಳನ್ನು ಲ್ಯಾಮಿನೇಷನ್‌ಗೆ ಕೊಡಬೇಡಿ. ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಕಷ್ಟ. ತೊಳೆದೊಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಟ್ಟರೆ ಸಾಕು. ಫೋಟೋಗಳ ಹಿಂದೆ ಸೀಸದ ಕಡ್ಡಿಯಲ್ಲಿ ಹಗುರಾಗಿ, ಎಡದಿಂದ ಬಲಕ್ಕೆ ಯಾರು ಯಾರು ಎಂದು ಬರೆಯಿರಿ; ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೆರೆ ಮೂಡುತ್ತದೆ. ಮೋಡಿ ಲಿಪಿಯ, ತಿಗಳಾರಿಯ ಕಾಗದ ಸಿಕ್ಕಿದರೆ ಓದಲು ಬಾರದೆಂದು ಹಳೇ ಪೇಪರಿನ ಜೊತೆ ಹಾಕಿಬಿಡಬೇಡಿ. ಓದಬಲ್ಲವರು ಇನ್ನೂ ಇದ್ದಾರೆ, ಕಲಿಯುತ್ತಿರುವ ಹುಡುಗರೂ ಇದ್ದಾರೆ.

ಹೀಗೆ ಕೇಳಿ ಬರೆದ ಪುಸ್ತಕಕ್ಕೆ ಒಂದೇ ಪ್ರತಿ ಇರಬಾರದು. ಮಳೆಗಾಲದ ಒಂದು ಸೋರಿಕೆ ಸಾಕು, ಗೆದ್ದಲಿಗೆ ಒಂದು ಬೇಸಿಗೆ ಸಾಕು. ಫೋನಿನಲ್ಲಿರುವುದು ಫೋನು ಬದಲಿಸಿದ ದಿನ ಹೋಗುತ್ತದೆ. ಜೆರಾಕ್ಸ್ ಮಾಡಿಸಿ ಮೂರು ನಾಲ್ಕು ಮನೆಗೆ ಕೊಡಿ. ಅದರಲ್ಲಿ ಹೆಣ್ಣುಮಕ್ಕಳ ಮನೆಯೂ ಇರಲಿ, ಅವರೂ ಅದೇ ಅಜ್ಜಿಯ ಮೊಮ್ಮಕ್ಕಳಲ್ಲವೇ. ಅಳಿಯಂದಿರು ಸುಮ್ಮನೆ ತಿರುವಿ ಹಾಕುತ್ತ, ತಮ್ಮ ಅಮ್ಮನ ತವರು ಯಾವುದೆಂದು ಫೋನು ಮಾಡಿ ಕೇಳಿದರೆ ಬೇಡವೆನ್ನುವವರು ಯಾರು?