ಅನುಮತಿತ್ಯಾಗ: ಹಿರಿತನದ ಕೊನೆಯ ಪಾಠ

ಆಹಾರವನ್ನು ತ್ಯಜಿಸುವುದು ಉಪವಾಸವೆಂದು ಎಲ್ಲರೂ ಬಲ್ಲರು. ಯಜಮಾನಿಕೆಯನ್ನು ತ್ಯಜಿಸುವುದೂ ಒಂದು ವ್ರತವೆಂಬುದು ಅನೇಕರ ಗಮನಕ್ಕೆ ಬಾರದು.

ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ 11 ಪದಗಳನ್ನು ನಿರೂಪಿಸಿದ್ದಾರೆ. ಅವುಗಳ ಕ್ರಮವು ವಿಚಾರಯೋಗ್ಯವಾದುದು. ನಾಲ್ಕನೆಯದು ಪ್ರೋಷಧೋಪವಾಸ, ಎಂಟನೆಯದು ಕೃಷಿವಾಣಿಜ್ಯಾದಿ ಆರಂಭಗಳ ತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ. ಇವೆಲ್ಲ ಸಾಧಿಸಿದ ಮೇಲೆ ಹತ್ತನೆಯದಾಗಿ ಅನುಮತಿತ್ಯಾಗವು ಬರುತ್ತದೆ. ಲೌಕಿಕ ಕಾರ್ಯಗಳಲ್ಲಿ ‘ಹೀಗಾಗಲಿ’ ಎಂದು ಸಮ್ಮತಿಯನ್ನೂ ಕೊಡದಿರುವುದೇ ಇದರ ಲಕ್ಷಣ. ಧನವನ್ನು ಬಿಟ್ಟವನಿಗೂ ನಾಲಗೆಯ ಒಡೆತನವನ್ನು ಬಿಡುವುದು ಬಾಕಿ ಉಳಿದಿರುತ್ತದೆಯೆಂಬುದೇ ಈ ಕ್ರಮದಿಂದ ತಿಳಿಯತಕ್ಕ ಮಾತು.

ನಿತ್ಯಜೀವನದಲ್ಲಿ ಇದರ ಸತ್ಯತೆಯು ಕಂಡುಬರುತ್ತದೆ. ಹಿರಿಯನೊಬ್ಬನು ತಿಜೋರಿಯ ಬೀಗದ ಕೈಯನ್ನು ಮಗನಿಗೆ ಒಪ್ಪಿಸಿ ಬಸದಿಯ ದರ್ಶನ, ಸ್ವಾಧ್ಯಾಯಗಳಲ್ಲಿ ಕಾಲ ಕಳೆಯತೊಡಗುತ್ತಾನೆ. ಆದರೂ ಸಂಜೆಗೆ ಅಂಗಡಿಯ ಲೆಕ್ಕ ಕೇಳದೆ ಅವನಿಗೆ ಸಮಾಧಾನವಿಲ್ಲ. ಚತುರ್ದಶಿಯಂದು ಉಪವಾಸವಿರುತ್ತಾನೆ, ಮರುದಿನದ ಪಾರಣೆಗೆ ಏನಾಗಬೇಕೆಂದು ಹಿಂದಿನ ದಿನವೇ ಸೊಸೆಗೆ ಆಜ್ಞಾಪಿಸುತ್ತಾನೆ. ಅನ್ನವನ್ನು ಬಿಟ್ಟವನು ಅಪ್ಪಣೆಯನ್ನು ಬಿಡಲಿಲ್ಲ. ಮಗನಾದರೋ ಐವತ್ತು ವರ್ಷವಾದರೂ ಸ್ವತಃ ನಿರ್ಣಯಿಸಲರಿಯದೆ ತಂದೆಯ ಮುಖವನ್ನೇ ನೋಡುತ್ತಾನೆ. ಇಬ್ಬರ ಬೆಳವಣಿಗೆಯೂ ಅಲ್ಲಿಗೇ ನಿಂತುಹೋಗುತ್ತದೆ.

ಮಗನು ನಷ್ಟದ ದಾರಿ ಹಿಡಿದಿರುವುದನ್ನು ಕಂಡೂ ಸುಮ್ಮನಿರುವುದು ಕರ್ತವ್ಯಲೋಪವಲ್ಲವೇ ಎಂಬ ಶಂಕೆಯು ಏಳಬಹುದು. ಮನೆಯ ಹೊಣೆಯನ್ನು ಇನ್ನೂ ಹೊತ್ತಿರುವವನು ಮೌನವಹಿಸಿದರೆ ಅದು ವ್ರತವಲ್ಲ, ಪ್ರಮಾದ. ಹೊಣೆಯನ್ನು ಒಪ್ಪಿಸಿಕೊಟ್ಟವನ ಧರ್ಮ ಬೇರೆ. ವ್ಯವಹಾರದಲ್ಲಿ ಹಿಂಸೆ ಅಸತ್ಯಗಳು ಸೇರಿದರೆ ಅವನು ಧರ್ಮವನ್ನು ನುಡಿಯಬೇಕು; ಬರಿಯ ಲಾಭನಷ್ಟಗಳ ಮಾತಾದರೆ ಸಮತೆಯಿಂದ ಇರಬೇಕು. ಎಡವುವ ಮಗುವನ್ನು ಕಂಡು ಕೈ ಹಿಂದೆಗೆಯುವುದು ಕಠಿನ; ಆದರೆ ಸದಾ ಕೈ ಹಿಡಿದವನ ಮಗು ನಡೆಯಲು ಕಲಿಯದು.

ಭಗವಾನ್ ಬಾಹುಬಲಿಯ ಚರಿತ್ರೆಯೂ ಇದನ್ನೇ ಬೋಧಿಸುತ್ತದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಮೇಲೆ ಅವನು ರಾಜ್ಯವನ್ನು ತ್ಯಜಿಸಿದನು. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ, ಅಣ್ಣನಿಗೆ ತನ್ನಿಂದ ಕ್ಲೇಶವಾಯಿತೆಂಬ ಅಲ್ಪ ವಿಕಲ್ಪವು ಉಳಿದಿತ್ತೆಂದು ಜಿನಸೇನಾಚಾರ್ಯರ ಆದಿಪುರಾಣವು ಹೇಳುತ್ತದೆ. ಭರತನು ಬಂದು ಪೂಜಿಸಲು ಅದೂ ಅಳಿದು ಕೇವಲಜ್ಞಾನವು ಉದಯಿಸಿತು. ರಾಜ್ಯವು ಕ್ಷಣದಲ್ಲಿ ಬಿಟ್ಟುಹೋಯಿತು. ಮನದ ಎಳೆಯೊಂದು ಹರಿಯಲು ವರ್ಷವೇ ಬೇಕಾಯಿತು.

ಹತ್ತನೆಯ ಪದವು ಎಲ್ಲರಿಗೂ ಒಡನೆ ಸಾಧ್ಯವಲ್ಲ. ಅದರ ಅಭ್ಯಾಸವು ಸಾಧ್ಯ. ಅಷ್ಟಮಿ ಚತುರ್ದಶಿಗಳಂದು ಆಹಾರದೊಡನೆ ಆಜ್ಞೆಯನ್ನೂ ಬಿಟ್ಟು, ಬಡಿಸಿದ ಪಾರಣೆಯನ್ನು ಹೊಗಳದೆ ಹಳಿಯದೆ ಸ್ವೀಕರಿಸುವ ಗೃಹಸ್ಥನು ಆ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟಂತೆಯೇ ಸರಿ. ತಾನು ಸುಮ್ಮನಿದ್ದಾಗಲೂ ಮನೆಯು ಧರ್ಮದಿಂದ ನಡೆದರೆ, ಅವನ ಹಿರಿತನವು ಸಾರ್ಥಕವಾಯಿತೆಂದು ತಿಳಿಯಬೇಕು.